ಅಪ್ಪ ಅಮ್ಮನ ಪಕ್ಕ ಕೂತವರು: ಕ್ವೇಕರರು ಮತ್ತು ಸಲಿಂಗಿ ಮಕ್ಕಳ ಹೆತ್ತವರು

(ಒಂದು ಸಂಜೆಯ ಮಾತುಕತೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕ್ವೇಕರ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಓಟ್ಸ್. ಪ್ಯಾಕೆಟ್ ಮೇಲೆ ದೊಡ್ಡ ಟೋಪಿ ಹಾಕಿಕೊಂಡು ನಗುವ ಅಜ್ಜ ಇದ್ದಾನಲ್ಲ, ಅವನು. ಆ ಕಂಪನಿಗೂ ಕ್ವೇಕರ್ ಅನ್ನುವ ಕ್ರೈಸ್ತ ಪಂಥಕ್ಕೂ ಸಂಬಂಧ ಇಲ್ಲ. ಕ್ವೇಕರರು ತೂಕದಲ್ಲಿ ಮೋಸ ಮಾಡುವುದಿಲ್ಲ ಅನ್ನುವ ಒಳ್ಳೆಯ ಹೆಸರಿತ್ತು. ಅಮೆರಿಕದ ಒಂದು ಮಿಲ್ಲಿನವರು 1877ರಲ್ಲಿ ಆ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿಕೊಂಡರು, ಅಷ್ಟೇ. ಕ್ವೇಕರರ ಮನೆಯಿಂದಲೇ ಬಂದದ್ದು ಬೇಕು ಅಂದರೆ ಚಾಕೊಲೇಟ್ ತಿನ್ನಿ. ಕ್ಯಾಡ್ಬರಿ, ಫ್ರೈ, ರೌನ್‌ಟ್ರೀ ಮೂರೂ ಕ್ವೇಕರ್ ಮನೆತನಗಳು.

ನಾನು ಕ್ವೇಕರ್ ಅಲ್ಲ. ಇಂಗ್ಲೆಂಡಿನಲ್ಲಿ ಕೆಲಸದ ಮೇಲೆ ಇದ್ದಾಗ ಪರಿಚಯದವರ ಜೊತೆ ಅವರ ಸಭೆಗೆ ಹೋಗಿ ಕೂತವನು, ಆಮೇಲೆ ಕುತೂಹಲಕ್ಕೆ ಓದಿಕೊಂಡವನು. ಹಾಗಾಗಿ ಇವತ್ತು ಧರ್ಮಪ್ರಚಾರ ಇಲ್ಲ, ಹೆದರಬೇಡಿ.

ಮಗನೋ ಮಗಳೋ ಬಂದು "ಅಮ್ಮಾ, ನಾನು ಗೇ" ಅಂತ ಹೇಳಿದಾಗ ಆ ಮಗುವಿಗೆ ಏನು ಬೇಕು ಅನ್ನುವ ಬಗ್ಗೆ ಈಗೀಗ ಕನ್ನಡದಲ್ಲೂ ಒಂದಿಷ್ಟು ಮಾತಾಗುತ್ತಿದೆ. ಒಳ್ಳೆಯದೇ. ಆದರೆ ಆ ಅಮ್ಮನಿಗೆ ಏನು ಬೇಕು? ಅಪ್ಪನಿಗೆ? ಅವರು ಯಾರ ಹತ್ತಿರ ಹೋಗಿ ಕೂರಬೇಕು? ಅಣ್ಣನಿಗೆ ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಡಾಕ್ಟರ್ ಹತ್ತಿರ ಹೋದರೆ ಎಂಥವರು ಸಿಗುತ್ತಾರೋ ಗೊತ್ತಿಲ್ಲ. ದೇವಸ್ಥಾನದ ಭಟ್ಟರೋ ಚರ್ಚಿನ ಪಾದ್ರಿಯೋ ಏನು ಹೇಳಬಹುದು ಅನ್ನುವುದು ಹೋಗುವ ಮೊದಲೇ ಗೊತ್ತಿದೆ.

ನನ್ನ ಲೆಕ್ಕದಲ್ಲಿ ಹೆತ್ತವರನ್ನು ರಾತ್ರಿ ನಿದ್ದೆ ಮಾಡಲು ಬಿಡದೆ ಇರುವುದು ಮಗುವಿಗಿಂತ ಜಾಸ್ತಿ ಆ 'ನಾಲ್ಕು ಜನ'. ನಾಲ್ಕು ಜನ ಏನಂತಾರೆ ಅಂತೀವಲ್ಲ, ಅವರು. ಮಗುವನ್ನು ಒಪ್ಪಿಕೊಳ್ಳಿ ಅಂತ ಅಪ್ಪ ಅಮ್ಮನಿಗೆ ಉಪದೇಶ ಮಾಡುವುದು ಸುಲಭ. ಆ ನಾಲ್ಕು ಜನ ಬದಲಾಗುವುದು ಹೇಗೆ ಅನ್ನುವುದು ಕಷ್ಟದ ಪ್ರಶ್ನೆ. ಕ್ವೇಕರರ ಕಥೆ ನನಗೆ ಇಷ್ಟವಾಗುವುದು ಅದಕ್ಕೇ. ಅದು ಒಂದು ಪಂಥದ ನಾಲ್ಕು ಜನ ನಿಧಾನಕ್ಕೆ, ಎಡವುತ್ತಾ, ಕೆಲವು ಕಡೆ ಬಿದ್ದು, ಬದಲಾದ ಕಥೆ.

ಮೊದಲು ಇವರು ಯಾರು ಅಂತ ಬೇಗ ಹೇಳಿಬಿಡುತ್ತೇನೆ. 1650ರ ಆಸುಪಾಸಿನ ಇಂಗ್ಲೆಂಡ್. ರಾಜನ ತಲೆ ತೆಗೆದಾಗಿತ್ತು, ಚರ್ಚಿನ ಮೇಲೆ ಜನಕ್ಕೆ ಸಿಟ್ಟಿತ್ತು. ನೇಕಾರನ ಮಗ ಜಾರ್ಜ್ ಫಾಕ್ಸ್ ಊರೂರು ತಿರುಗಿ ಹೇಳಿದ್ದು ಒಂದೇ: ದೇವರ ಜೊತೆ ಮಾತಾಡೋಕೆ ಪಾದ್ರಿ ಬೇಡ, ಪ್ರತಿಯೊಬ್ಬರ ಒಳಗೂ ಬೆಳಕಿದೆ. 1656ರಲ್ಲಿ ಲಾನ್ಸ್‌ಸ್ಟನ್ ಜೈಲಿನಿಂದ ಬರೆದ ಕಾಗದದಲ್ಲಿ 'ಪ್ರತಿಯೊಬ್ಬರಲ್ಲೂ ಇರುವ ದೇವರ ಅಂಶಕ್ಕೆ ಓಗೊಡಿ' ಅನ್ನುವ ಅರ್ಥದ ಮಾತಿದೆ. ಇವತ್ತಿಗೂ ಕ್ವೇಕರರು ಅದನ್ನೇ ಹಿಡಿದುಕೊಂಡಿದ್ದಾರೆ. ಅವರು ತಮ್ಮನ್ನು ತಾವು ಕರೆದುಕೊಳ್ಳುವುದು 'ಫ್ರೆಂಡ್ಸ್' ಅಂತ. ಕ್ವೇಕರ್ ಅನ್ನುವುದು ನಡುಗುವವರು ಅಂತ ಬೇರೆಯವರು ಗೇಲಿಗೆ ಇಟ್ಟ ಹೆಸರು. ಜಗತ್ತಿನಲ್ಲೆಲ್ಲ ಸೇರಿ ಸುಮಾರು 4 ಲಕ್ಷ ಜನ ಇರಬಹುದು.

ಇಂಗ್ಲೆಂಡಿನ ಅವರ ಸಭೆ ಹೇಗಿರುತ್ತದೆ ಅಂದರೆ, ಕುರ್ಚಿಗಳು ಗುಂಡಗೆ. ವೇದಿಕೆ ಇಲ್ಲ, ವಿಗ್ರಹ ಇಲ್ಲ, ಶಿಲುಬೆ ಇಲ್ಲ, ಹಾಡಿಲ್ಲ. ಎಲ್ಲರೂ ಒಂದು ಗಂಟೆ ಸುಮ್ನೆ ಕೂರುತ್ತಾರೆ. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ನಿಂತು ಎರಡು ನಿಮಿಷ ಹೇಳಿ ಕೂರುತ್ತಾರೆ. ಅದಕ್ಕೆ ಯಾರೂ ಉತ್ತರ ಕೊಡುವ ಹಾಗಿಲ್ಲ. ಕೊನೆಗೆ ಪಕ್ಕದವರ ಕೈ ಕುಲುಕಿದರೆ ಸಭೆ ಮುಗಿಯಿತು. ಆಮೇಲೆ ಟೀ, ಬಿಸ್ಕತ್ತು. ಅರ್ಧ ಕೆಲಸ ಈ ಟೀ ಹೊತ್ತಿನಲ್ಲೇ ಆಗುತ್ತದೆ ಅನ್ನುವುದು ನನ್ನ ಅನುಮಾನ.

ತೀರ್ಮಾನ ತೆಗೆದುಕೊಳ್ಳುವಾಗ ಅವರಲ್ಲಿ ಮತ ಹಾಕುವುದಿಲ್ಲ. ಸಭೆಯ ಕ್ಲರ್ಕ್ ಎಲ್ಲರ ಮಾತು ಕೇಳಿಸಿಕೊಂಡು, ಸಭೆಯ ಮನಸ್ಸು ಎತ್ತ ವಾಲುತ್ತಿದೆ ಅಂತ ಗಮನಿಸಿ, ಅಲ್ಲೇ ಎಲ್ಲರ ಎದುರು ನಿರ್ಣಯ ಬರೆದು ಓದುತ್ತಾರೆ. ಒಪ್ಪಿಗೆ ಆಗದಿದ್ದರೆ ಮುಂದಕ್ಕೆ ಹಾಕುತ್ತಾರೆ. ವರ್ಷಗಟ್ಟಲೆ ಮುಂದಕ್ಕೆ ಹಾಕಿದ್ದೂ ಇದೆ. ಪೆನ್ಸಿಲ್ವೇನಿಯಾದ ಜರ್ಮನ್‌ಟೌನಿನಲ್ಲಿ ನಾಲ್ವರು ಗುಲಾಮಗಿರಿ ತಪ್ಪು ಅಂತ ಸಹಿ ಹಾಕಿ ಕೊಟ್ಟದ್ದು 1688ರಲ್ಲಿ. ಗುಲಾಮರನ್ನು ಇಟ್ಟುಕೊಂಡವರು ಸದಸ್ಯರಾಗಿ ಇರುವಂತಿಲ್ಲ ಅಂತ ಫಿಲಡೆಲ್ಫಿಯಾದ ಕ್ವೇಕರರು ಹೇಳಿದ್ದು 1776ರಲ್ಲಿ. ನಡುವೆ 88 ವರ್ಷ. ಕ್ವೇಕರರು ಹುಟ್ಟಾ ಪುಣ್ಯಾತ್ಮರು ಅಂದುಕೊಂಡು ಕೇಳಬೇಡಿ ಅಂತ ಇದನ್ನು ಹೇಳಿದೆ.

ಈಗ ಒಬ್ಬ ಅಜ್ಜಿಯ ಹತ್ತಿರ ಹೋಗೋಣ.

ಬೇಯಾರ್ಡ್ ರಸ್ಟಿನ್ ಹೆಸರು ಕೆಲವರು ಕೇಳಿರುತ್ತೀರಿ. 1963ರ ಆಗಸ್ಟ್ 28ರಂದು ವಾಷಿಂಗ್‌ಟನ್‌ನಲ್ಲಿ ಎರಡು ಲಕ್ಷಕ್ಕೂ ಮೀರಿ ಜನ ಸೇರಿದರಲ್ಲ, ಮಾರ್ಟಿನ್ ಲೂಥರ್ ಕಿಂಗ್ 'ನನಗೊಂದು ಕನಸಿದೆ' ಅಂದರಲ್ಲ, ಆ ಇಡೀ ಮೆರವಣಿಗೆಯನ್ನು ಸಂಘಟಿಸಿದವರು ರಸ್ಟಿನ್. ಬಸ್ಸು ಎಲ್ಲಿ ನಿಲ್ಲಬೇಕು, ಶೌಚಾಲಯ ಎಷ್ಟು ಬೇಕು, ಬುತ್ತಿಯಲ್ಲಿ ಏನಿರಬೇಕು, ಎಲ್ಲ ಅವರ ತಲೆಯಲ್ಲಿ. ಕಪ್ಪು ಜನಾಂಗದವರು, ಕ್ವೇಕರ್, ಗಾಂಧೀವಾದಿ, ಗೇ. 1948ರಲ್ಲಿ, ಗಾಂಧಿ ತೀರಿಕೊಂಡ ವರ್ಷವೇ, ಭಾರತಕ್ಕೆ ಬಂದು ಗಾಂಧಿಯವರ ಒಡನಾಡಿಗಳ ಜೊತೆ ಓಡಾಡಿ ಹೋಗಿದ್ದರು.

ಅವರನ್ನು ಸಾಕಿದ್ದು ಅಜ್ಜಿ ಜೂಲಿಯಾ. ಪೆನ್ಸಿಲ್ವೇನಿಯಾದ ವೆಸ್ಟ್ ಚೆಸ್ಟರ್ ಊರು. ಮಗಳಿಗೆ ಮದುವೆಗೆ ಮುಂಚೆ ಮಗು ಹುಟ್ಟಿತ್ತು. 1912ರಲ್ಲಿ ಅದು ಎಂಥಾ ವಿಷಯ ಅಂತ ನೀವೇ ಊಹಿಸಿ. ಜೂಲಿಯಾ ಮತ್ತು ಅವರ ಗಂಡ ಮಗುವನ್ನು ತಮ್ಮದೇ ಮಗ ಅಂತ ಬೆಳೆಸಿದರು. ಹುಡುಗ ತನ್ನ ಹೆತ್ತ ತಾಯಿಯನ್ನು ಅಕ್ಕ ಅಂದುಕೊಂಡೇ ದೊಡ್ಡವನಾದ. ನಾಲ್ಕು ಜನ ಏನಂತಾರೆ ಅನ್ನುವ ಪರೀಕ್ಷೆಯನ್ನು ಆ ಹೆಂಗಸು ಒಮ್ಮೆ ಆಗಲೇ ಬರೆದಾಗಿತ್ತು ಅನ್ನಬಹುದು. ಜೂಲಿಯಾ ಓದಿದ್ದು ಕ್ವೇಕರ್ ಶಾಲೆಯಲ್ಲಿ. ಮದುವೆಯಾದ ಮೇಲೆ ಗಂಡನ ಜೊತೆ ಮೆಥಡಿಸ್ಟ್ ಚರ್ಚಿಗೆ ಹೋಗುತ್ತಿದ್ದರು. ಮನೆಯ ರೀತಿ ನೀತಿ ಮಾತ್ರ ಕ್ವೇಕರರದ್ದೇ ಉಳಿಯಿತು.

ಹರೆಯದಲ್ಲಿ ಬೇಯಾರ್ಡ್ ಅಜ್ಜಿಯ ಹತ್ತಿರ ಹೇಳಿಕೊಂಡ. ಗೇ ಅನ್ನುವ ಮಾತು ಬಳಸಲಿಲ್ಲ. ಹುಡುಗಿಯರಿಗಿಂತ ಹುಡುಗರ ಜೊತೆ ಇರುವುದೇ ನನಗೆ ಖುಷಿ ಅಂದ. ಅಜ್ಜಿ ಕೇಳಿದ್ದು ಇಷ್ಟು: ನಿನಗೆ ನಿಜವಾಗಿ ಖುಷಿ ಕೊಡುವುದು ಅದೇನಾ? ಹೌದು ಅನ್ನಿಸುತ್ತದೆ ಅಂದ. ಹಾಗಾದರೆ ನೀನು ಮಾಡಬೇಕಾದ್ದು ಅದೇ ಇರಬೇಕು ಅಂದರಂತೆ. ಇದನ್ನು ರಸ್ಟಿನ್ ತಮ್ಮ ಕೊನೆಗಾಲದ ಸಂದರ್ಶನವೊಂದರಲ್ಲಿ ನೆನಪಿಸಿಕೊಂಡಿದ್ದಾರೆ. ಅಜ್ಜಿ ಅವನನ್ನು ತಬ್ಬಿಕೊಂಡು ಅಳಲಿಲ್ಲ, ಭಾಷಣವನ್ನೂ ಮಾಡಲಿಲ್ಲ.

ನನಗೆ ಇನ್ನೂ ಇಷ್ಟವಾಗುವುದು ಅವರು ಕೊಟ್ಟ ಇನ್ನೊಂದು ಬುದ್ಧಿವಾದ. ಗೆಳೆಯರನ್ನು ಆರಿಸಿಕೊಳ್ಳುವಾಗ ಎಚ್ಚರ ಇರಲಿ, ನಿನ್ನಷ್ಟೇ ಕಳಕೊಳ್ಳಲು ಇರುವವರ ಜೊತೆ ಮಾತ್ರ ಓಡಾಡು ಅಂದರು. ಬ್ಲ್ಯಾಕ್‌ಮೇಲ್, ಪೊಲೀಸು, ಜೈಲು ಎಲ್ಲ ಇದ್ದ ಕಾಲ ಅದು. ಮಗುವನ್ನು ಒಪ್ಪಿಕೊಂಡರು, ಹೊರಗೆ ಏನೇನಿದೆ ಅಂತಲೂ ಎಚ್ಚರಿಸಿದರು. ನಮ್ಮ ಅಮ್ಮಂದಿರು ಎಚ್ಚರಿಸುವುದರಲ್ಲಿ ಏನೂ ಕಮ್ಮಿ ಇಲ್ಲ, ಆದರೆ ನಮ್ಮಲ್ಲಿ ಎಚ್ಚರಿಕೆ ಬರುವುದು ಒಪ್ಪಿಗೆಯ ಬದಲಿಗೆ. ಜೂಲಿಯಾ ಒಪ್ಪಿಕೊಂಡ ಮೇಲೆ ಎಚ್ಚರಿಸಿದರು. ಹುಡುಗನ ಕಿವಿಗೆ ಎರಡೂ ಬೇರೆ ಬೇರೆ ಥರ ಕೇಳಿಸುತ್ತದೆ.

ಹೊರಗೆ ಏನಾಯಿತು? 1953ರಲ್ಲಿ ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ ಪೊಲೀಸರು ರಸ್ಟಿನ್ ಅವರನ್ನು ಹಿಡಿದರು. ಕಾರಿನಲ್ಲಿ ಗಂಡಸರ ಜೊತೆ ಇದ್ದರು ಅನ್ನುವುದೇ ಅವರ ಮೇಲಿನ ಆರೋಪ. 60 ದಿನ ಜೈಲು. ಅವರು ಕೆಲಸ ಮಾಡುತ್ತಿದ್ದ ಶಾಂತಿವಾದಿಗಳ ಸಂಸ್ಥೆ ಅವರನ್ನು ಕೆಲಸದಿಂದ ತೆಗೆಯಿತು. ಅದು ಕ್ವೇಕರರ ಸಂಸ್ಥೆ ಅಲ್ಲ ಬಿಡಿ. ಆದರೆ ಎರಡು ವರ್ಷದ ಮೇಲೆ ಅಮೆರಿಕನ್ ಫ್ರೆಂಡ್ಸ್ ಸರ್ವಿಸ್ ಕಮಿಟಿ, ಅಂದರೆ 1947ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೊಂಡ ಕ್ವೇಕರ್ ಸಂಸ್ಥೆಯೇ, ಅಹಿಂಸೆಯ ಬಗ್ಗೆ ಒಂದು ಪುಸ್ತಿಕೆ ತಂದಿತು. ಬರೆಯುವ ಬಳಗದಲ್ಲಿ ರಸ್ಟಿನ್ ಇದ್ದರು. ಅಚ್ಚಾದ ಪುಸ್ತಿಕೆಯಲ್ಲಿ ಅವರ ಹೆಸರಿರಲಿಲ್ಲ. ಗೇ ಅಂತ ಜೈಲಿಗೆ ಹೋದವನ ಹೆಸರಿದ್ದರೆ ಪುಸ್ತಿಕೆಗೆ ಕೆಟ್ಟದು ಅನ್ನುವ ಭಯ. ಆ ಹೆಸರು ತನ್ನ ಜಾಗಕ್ಕೆ ಮರಳಲು ಅರ್ಧ ಶತಮಾನಕ್ಕೂ ಜಾಸ್ತಿ ಬೇಕಾಯಿತು. ಪ್ರತಿಯೊಬ್ಬರಲ್ಲೂ ದೇವರ ಅಂಶ ಅನ್ನುವವರಿಗೂ ನಾಲ್ಕು ಜನರ ಭಯ ಇತ್ತು.

ರಸ್ಟಿನ್ ಬದುಕಿನ ಇನ್ನೊಂದು ಪ್ರಸಂಗ ಹೇಳಲೇಬೇಕು, ಯಾಕಂದರೆ ಅದರಲ್ಲೂ ಒಬ್ಬ ತಾಯಿ ಇದ್ದಾರೆ. ಕೊನೆಯ ಹತ್ತು ವರ್ಷ ರಸ್ಟಿನ್ ಅವರ ಸಂಗಾತಿ ವಾಲ್ಟರ್ ನೇಗಲ್. ರಸ್ಟಿನ್‌ಗಿಂತ ತುಂಬಾ ಚಿಕ್ಕವರು. ಮದುವೆಗೆ ಕಾನೂನಿಲ್ಲ. ಒಬ್ಬರಿಗೆ ಕಾಯಿಲೆಯಾದರೆ ಇನ್ನೊಬ್ಬರಿಗೆ ಆಸ್ಪತ್ರೆಯಲ್ಲಿ ಹಕ್ಕಿಲ್ಲ, ಸತ್ತರೆ ಮನೆಯ ಮೇಲೆ ಹಕ್ಕಿಲ್ಲ. ದಾರಿ ಕಾಣದೆ 1982ರಲ್ಲಿ ರಸ್ಟಿನ್ ವಾಲ್ಟರ್ ಅವರನ್ನು ದತ್ತು ತೆಗೆದುಕೊಂಡರು. ಹೌದು, ಮಗನಾಗಿ. ಅಧಿಕಾರಿಗಳು ಮನೆ ನೋಡಲು ಬಂದರು. ವಾಲ್ಟರ್ ಅವರ ತಾಯಿ ಈತ ಇನ್ನು ನನ್ನ ಮಗನಲ್ಲ ಅನ್ನುವ ಕಾಗದಕ್ಕೆ ಸಹಿ ಹಾಕಬೇಕಾಯಿತು. ಮಗನನ್ನು ಒಪ್ಪಿಕೊಂಡ ತಾಯಿ ಅವನ ಬದುಕಿಗೆ ಭದ್ರತೆ ಸಿಗಲಿ ಅಂತ ಅವನನ್ನು ಕಾಗದದ ಮೇಲೆ ಬಿಟ್ಟುಕೊಟ್ಟರು. ಕಾನೂನಿಲ್ಲದ ಕಡೆ ಹೆತ್ತವರ ಹತ್ತಿರ ಎಂತೆಂಥದ್ದು ಕೇಳುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಖಾರದ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನು ಇಂಗ್ಲೆಂಡಿಗೆ ಬರೋಣ. 1957. ಗಂಡು ಗಂಡಿನ ಸಂಬಂಧ ಆಗ ಅಲ್ಲಿ ಜೈಲುಶಿಕ್ಷೆಯ ಅಪರಾಧ. ಅದನ್ನು ಅಪರಾಧದ ಪಟ್ಟಿಯಿಂದ ತೆಗೆಯಿರಿ ಅಂತ ಸರ್ಕಾರವೇ ನೇಮಿಸಿದ ವುಲ್ಫೆಂಡನ್ ಸಮಿತಿ ಹೇಳಿದ್ದೂ ಅದೇ ವರ್ಷ. ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಕೆಲವು ಹುಡುಗರು ತಮ್ಮ ಸಂಕಟ ಹಿಡಿದುಕೊಂಡು ಹಿರಿಯ ಕ್ವೇಕರರ ಹತ್ತಿರ ಬಂದಿದ್ದರು. ಅವರಿಗೆ ಏನು ಹೇಳಬೇಕು ಅಂತ ಹಿರಿಯರಿಗೆ ಗೊತ್ತಾಗಲಿಲ್ಲ. ಸುಮ್ನೆ ಬೈಬಲ್ ವಾಕ್ಯ ಓದಿ ಕಳಿಸಬಹುದಿತ್ತು. ಹಾಗೆ ಮಾಡದೆ ಹನ್ನೊಂದು ಜನ ಕೂತು ಓದಿ, ಮಾತಾಡಿ, ಯೋಚಿಸತೊಡಗಿದರು. ಅವರಲ್ಲಿ ಶಾಲೆಯ ಮುಖ್ಯೋಪಾಧ್ಯಾಯರಿದ್ದರು, ಮನೋವಿಜ್ಞಾನಿ ಇದ್ದರು, ಪ್ರಾಣಿವಿಜ್ಞಾನದ ಅಧ್ಯಾಪಕಿ ಇದ್ದರು. ವರ್ಷಗಳ ಕೆಲಸದ ಮೇಲೆ 1963ರಲ್ಲಿ 'ಟುವರ್ಡ್ಸ್ ಎ ಕ್ವೇಕರ್ ವ್ಯೂ ಆಫ್ ಸೆಕ್ಸ್' ಅನ್ನುವ ಸಣ್ಣ ಪುಸ್ತಿಕೆ ಹೊರಬಂತು.

ಅದರಲ್ಲಿ ಒಂದು ಮಾತು ದೊಡ್ಡ ಗಲಾಟೆ ಎಬ್ಬಿಸಿತು. ಎಡಗೈ ರೂಢಿಯ ಬಗ್ಗೆ ನಾವು ಹೇಗೆ ಮರುಗುವುದಿಲ್ಲವೋ ಸಲಿಂಗ ಪ್ರೀತಿಯ ಬಗ್ಗೆಯೂ ಹಾಗೇ ಮರುಗಬೇಕಿಲ್ಲ, ಅಂತ. ಇದನ್ನು ಓದಿದಾಗ ನನಗೆ ನಮ್ಮ ಮನೆಗಳೇ ಕಣ್ಣ ಮುಂದೆ ಬಂದವು. ಎಡಗೈಯಲ್ಲಿ ಊಟಕ್ಕೆ ಹೊರಟ ಮಗುವಿನ ಕೈಗೆ ಎಷ್ಟು ಪೆಟ್ಟು ಬಿದ್ದಿಲ್ಲ? ಎಡಗೈಯಲ್ಲಿ ದುಡ್ಡು ಕೊಟ್ಟರೆ ಅಂಗಡಿಯವರೂ ಮುಖ ಸಿಂಡರಿಸುತ್ತಾರೆ. ಹಾಗಾಗಿ ಅವರ ಹೋಲಿಕೆ ಇಂಗ್ಲೆಂಡಿಗಿಂತ ನಮ್ಮಲ್ಲಿ ಜಾಸ್ತಿ ತಾಗುತ್ತದೆ. ಮಗುವಿನ ಕೈ ತಿದ್ದಲು ಹೊರಟ ಅಮ್ಮ ಕೆಟ್ಟವಳಲ್ಲ. ನೆಂಟರ ಪಂಕ್ತಿಯಲ್ಲಿ ಮಗುವಿಗೆ ಅವಮಾನ ಆಗದಿರಲಿ ಅಂತ ತಿದ್ದುತ್ತಾಳೆ.

ಪುಸ್ತಿಕೆಯ ಇನ್ನೊಂದು ಮುಖ್ಯ ಮಾತು: ಒಂದು ಸಂಬಂಧವನ್ನು ಹೊರಗಿನ ರೂಪ ನೋಡಿ ಅಳೆಯಬೇಡಿ, ಅದರ ಒಳಗಿನ ಗುಣ ನೋಡಿ. ಇದು ಪಂಥದ ಅಧಿಕೃತ ನಿಲುವಾಗಿರಲಿಲ್ಲ, ಆ ಹನ್ನೊಂದು ಜನರ ನಿಲುವು ಅಷ್ಟೇ. ಕ್ವೇಕರರಲ್ಲೇ ಬಹಳ ಜನರಿಗೆ ಸಿಟ್ಟು ಬಂತು. ಆದರೂ ಆ ಕಾಲದ ಮನೋವೈದ್ಯರು 'ಅತಿ ಮುದ್ದು ಮಾಡಿದ ಅಮ್ಮ, ದೂರ ಉಳಿದ ಅಪ್ಪ, ಅದಕ್ಕೇ ಮಗ ಹೀಗಾದ' ಅಂತ ಹೆತ್ತವರ ತಲೆಗೆ ಕಟ್ಟುತ್ತಿದ್ದ ಹೊತ್ತಿನಲ್ಲಿ, ಮರುಗಬೇಕಿಲ್ಲ ಅಂತ ಧರ್ಮದ ಕಡೆಯಿಂದ ಒಂದು ದನಿ ಬಂತಲ್ಲ. ಅಮೆರಿಕದ ಮನೋವೈದ್ಯರ ಸಂಘ ಸಲಿಂಗ ಪ್ರೀತಿಯನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1973ರ ಕೊನೆಗೆ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ. ಹನ್ನೊಂದು ಜನ ಕ್ವೇಕರರು ಅವರಿಗಿಂತ ಮುಂದೆ ಇದ್ದರು.

ಹೆತ್ತವರ ವಿಷಯ ಅಂದಮೇಲೆ ಜೀನ್ ಮ್ಯಾನ್‌ಫೋರ್ಡ್ ಅವರನ್ನು ಬಿಡುವ ಹಾಗಿಲ್ಲ. ಅವರು ಕ್ವೇಕರ್ ಅಲ್ಲ, ನ್ಯೂಯಾರ್ಕಿನ ಪ್ರೈಮರಿ ಶಾಲೆ ಟೀಚರ್. ಮಗ ಮಾರ್ಟಿಗೆ 1972ರಲ್ಲಿ ಪ್ರತಿಭಟನೆಯೊಂದರಲ್ಲಿ ಏಟು ಬಿತ್ತು. ಅಮ್ಮ ಪತ್ರಿಕೆಗೆ ಕಾಗದ ಬರೆದರು, ನನ್ನ ಮಗ ಸಲಿಂಗಿ, ನಾನು ಅವನನ್ನು ಪ್ರೀತಿಸುತ್ತೇನೆ ಅಂತ. ಜೂನ್‌ನಲ್ಲಿ ಮಗನ ಜೊತೆ ಮೆರವಣಿಗೆಯಲ್ಲಿ ನಡೆದರು, ಕೈಯಲ್ಲಿ ಬೋರ್ಡು ಹಿಡಿದು. ಬೀದಿಯಲ್ಲಿದ್ದ ಹುಡುಗ ಹುಡುಗಿಯರು ಓಡಿ ಬಂದು ನಮ್ಮ ಅಪ್ಪ ಅಮ್ಮನ ಹತ್ತಿರ ಮಾತಾಡ್ತೀರಾ ಅಂತ ಬೇಡಿಕೊಂಡರು. ಹಾಗೆ 1973ರ ಮಾರ್ಚ್‌ನಲ್ಲಿ ಒಂದು ಮೆಥಡಿಸ್ಟ್ ಚರ್ಚಿನ ಕೋಣೆಯಲ್ಲಿ ಸುಮಾರು ಇಪ್ಪತ್ತು ಜನ ಸೇರಿದರು. ಪಿಎಫ್‌ಎಲ್‌ಎಜಿ ಅನ್ನುವ, ಸಲಿಂಗಿಗಳ ಹೆತ್ತವರ ದೊಡ್ಡ ಸಂಘಟನೆ ಶುರುವಾದದ್ದು ಅಲ್ಲಿಂದ. ಗಮನಿಸಿ, ಆ ಚರ್ಚು ಉಪದೇಶ ಕೊಡಲಿಲ್ಲ. ಕೋಣೆ ಕೊಟ್ಟಿತು.

ಕ್ವೇಕರರ ಹತ್ತಿರ ಕೋಣೆಯ ಜೊತೆಗೆ ಒಂದು ಪದ್ಧತಿಯೂ ಇದೆ. ಅದರ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಇವತ್ತು ನಾನು ಬಂದದ್ದೇ ಅದಕ್ಕೆ.

ಕ್ಲಿಯರ್‌ನೆಸ್ ಕಮಿಟಿ ಅಂತ ಅದರ ಹೆಸರು. 17ನೇ ಶತಮಾನದಲ್ಲಿ ಮದುವೆಗೆ ಮುಂಚೆ ಇಬ್ಬರಿಗೂ ಬೇರೆ ಯಾರ ಜೊತೆಗೂ ಮಾತಾಗಿಲ್ಲ ತಾನೇ ಅಂತ ವಿಚಾರಿಸಲು ಹುಟ್ಟಿದ್ದು. ಈಗ ಯಾವುದೇ ಗೊಂದಲ ಇದ್ದವರು ಅದನ್ನು ಕರೆಯಬಹುದು. ಸಂಕಟದಲ್ಲಿರುವವರು ತಾವೇ ನಾಲ್ಕೈದು ಜನರನ್ನು ಆರಿಸುತ್ತಾರೆ. ತಮ್ಮ ವಿಷಯವನ್ನು ಒಂದೆರಡು ಪುಟ ಬರೆದು ಮೊದಲೇ ಕೊಡುತ್ತಾರೆ. ಎರಡು ಮೂರು ಗಂಟೆ ಕೂರುತ್ತಾರೆ. ಶುರುವಿಗೆ ಮೌನ. ಆಮೇಲೆ ಒಂದೇ ನಿಯಮ: ಕೂತವರು ಪ್ರಶ್ನೆ ಮಾತ್ರ ಕೇಳಬಹುದು. ಸಲಹೆ ಕೊಡುವ ಹಾಗಿಲ್ಲ. ನನ್ನ ಚಿಕ್ಕಪ್ಪನ ಮಗನಿಗೂ ಹೀಗೇ ಆಗಿತ್ತು ಅನ್ನುವ ಹಾಗಿಲ್ಲ. ಪ್ರಶ್ನೆಯ ವೇಷ ಹಾಕಿದ ಸಲಹೆಯೂ ಬೇಡ. ಒಂದು ಪ್ರಶ್ನೆಗೂ ಇನ್ನೊಂದಕ್ಕೂ ನಡುವೆ ಸುಮ್ಮನಿರಬೇಕು. ಉತ್ತರ ಕೊಡುವುದು ಬಿಡುವುದು ಅವರಿಷ್ಟ. ಆಡಿದ ಮಾತು ಆ ಕೋಣೆ ದಾಟುವಂತಿಲ್ಲ. ನಾಳೆ ದಾರಿಯಲ್ಲಿ ಸಿಕ್ಕಾಗ ಏನಾಯ್ತು ಅಂತ ಕೇಳುವಂತೆಯೂ ಇಲ್ಲ.

ಈ ಕೋಣೆಯಲ್ಲಿ ಮಗಳ ಬಗ್ಗೆ ಈಗಷ್ಟೇ ತಿಳಿದ ಅಪ್ಪ ಕೂತಿದ್ದಾರೆ ಅಂತ ಇಟ್ಟುಕೊಳ್ಳಿ. "ಒಳ್ಳೆ ಡಾಕ್ಟರಿಗೆ ತೋರಿಸಿದ್ರಾ?" ಇದು ಪ್ರಶ್ನೆ ಅಲ್ಲ, ಸಲಹೆ. "ಅವಳ ಸಂತೋಷಕ್ಕಿಂತ ನಿಮಗೆ ಮರ್ಯಾದೆ ಹೆಚ್ಚಾ?" ಇದು ಬೈಗುಳ. "ಅವಳು ಹೇಳಿದ ಮೇಲೆ ನಿಮಗೆ ಯಾವುದನ್ನು ಯೋಚಿಸಿದರೆ ಜಾಸ್ತಿ ಭಯ ಆಗ್ತಿದೆ?" ಇದು ಪ್ರಶ್ನೆ. "ಯಾರಿಗೆ ಗೊತ್ತಾದರೆ ಕಷ್ಟ ಅನ್ನಿಸ್ತಿದೆ?" ಇದೂ ಪ್ರಶ್ನೆ. "ಮೊದಲಿನ ಹಾಗೇ ಉಳಿದಿರೋದು ಏನೇನಿದೆ?" ಇದೂ. ಕೇಳುವವರಿಗೆ ಉತ್ತರ ಮೊದಲೇ ಗೊತ್ತಿರಬಾರದು, ಪ್ರಶ್ನೆ ಸರಿ ಇದೆಯಾ ಅಂತ ನೋಡಲು ಅದೇ ಒರೆಗಲ್ಲು.

ಇದು ಕೇಳಲು ಸುಲಭ, ಮಾಡಲು ಭಾರೀ ಕಷ್ಟ. ನಮ್ಮ ಜನಕ್ಕಂತೂ. ಯಾರಾದರೂ ಕಷ್ಟ ಹೇಳಿಕೊಂಡರೆ ಐದು ನಿಮಿಷದಲ್ಲಿ ಪರಿಹಾರ ಕೊಡದಿದ್ದರೆ ನಮಗೆ ತಿಂದ ಅನ್ನ ಕರಗುವುದಿಲ್ಲ, ಅಲ್ವಾ? ಆದರೆ ಹೆತ್ತವರ ಕಡೆಯಿಂದ ನೋಡಿ. ಅವರಿಗೆ ಎರಡು ಕಡೆಯಿಂದ ಬುದ್ಧಿವಾದ ಸುರಿಯುತ್ತಿರುತ್ತದೆ. ಒಂದು ಕಡೆ, ಬೇಗ ಮದುವೆ ಮಾಡಿ, ಸರಿ ಹೋಗುತ್ತೆ. ಇನ್ನೊಂದು ಕಡೆ, ಕಾಲ ಬದಲಾಗಿದೆ, ತಕ್ಷಣ ಒಪ್ಪಿಕೊಳ್ಳಿ, ಅಳಬೇಡಿ. ಎರಡನೆಯದು ಸರಿಯಾದ ಮಾತೇ. ಆದರೂ ಅಳುವುದಕ್ಕೆ ಒಂದು ಜಾಗ ಬೇಕು, ಅದು ಮಗುವಿನ ಎದುರು ಆಗಬಾರದು. ಮೊಮ್ಮಕ್ಕಳ ಕನಸು ಕಂಡಿದ್ದೆ ಅಂತ ಅಮ್ಮ ಮಗನ ಎದುರು ಅತ್ತರೆ ಅದು ಅವನ ಮೇಲೆ ಹೊರೆ. ನಾಲ್ಕು ಜನ ಗೆಳೆಯರ ಎದುರು ಅತ್ತರೆ ಹಗುರ. ಮೂರು ಗಂಟೆ ಯಾರೂ ತೀರ್ಪು ಹೇಳದೆ ಕೂತಿದ್ದಾಗ ಮನುಷ್ಯ ತನ್ನ ಮಾತನ್ನು ತಾನೇ ಕೇಳಿಸಿಕೊಳ್ಳುತ್ತಾನೆ. 'ನನಗೆ ಅವನ ಮೇಲೆ ಸಿಟ್ಟಿಲ್ಲ, ನನ್ನ ಭಾವನ ಎದುರು ತಲೆ ಎತ್ತುವುದು ಹೇಗೆ ಅನ್ನುವುದೇ ಚಿಂತೆ' ಅಂತ ಬಾಯಿಬಿಟ್ಟು ಹೇಳಿದ ಮೇಲೆ ಸಮಸ್ಯೆಯ ಆಕಾರವೇ ಬೇರೆ.

ಬ್ರಿಟನ್ನಿನ ಕ್ವೇಕರರ ಕೈಪಿಡಿಯಲ್ಲಿ ಒಂದು ಸೂಚನೆ ಇದೆ: ನೀವು ತಪ್ಪಿರಬಹುದು ಅನ್ನುವ ಸಾಧ್ಯತೆಯನ್ನು ಯೋಚಿಸಿ. ಅಪ್ಪ ಅಮ್ಮನಿಗೆ ಹೇಳಿದ್ದು ಅಂತ ಅನ್ನಿಸಬಹುದು. ಪಕ್ಕ ಕೂತ ಪ್ರಗತಿಪರರಿಗೂ ಅದು ಅನ್ವಯಿಸುತ್ತದೆ.

ಹೀಗೆ ದಶಕಗಟ್ಟಲೆ ಕೂತು ಮಾತಾಡಿದ್ದರ ಫಲ 2009ರಲ್ಲಿ ಬಂತು. ಯಾರ್ಕ್‌ನಲ್ಲಿ ಬ್ರಿಟನ್ನಿನ ಕ್ವೇಕರರ ವಾರ್ಷಿಕ ಸಭೆ. ಗಂಡು ಹೆಣ್ಣಿನ ಮದುವೆಯನ್ನು ಹೇಗೆ ಸಿದ್ಧಪಡಿಸಿ, ನಡೆಸಿ, ಸಾಕ್ಷಿಯಾಗಿ, ದಾಖಲಿಸಿ, ಸರ್ಕಾರಕ್ಕೆ ವರದಿ ಮಾಡುತ್ತೇವೋ ಸಲಿಂಗಿಗಳ ಮದುವೆಯನ್ನೂ ಹಾಗೇ ಮಾಡುತ್ತೇವೆ ಅಂತ ನಿರ್ಣಯ ಬರೆದರು. ಮತ ಹಾಕದೆ. ಕಾನೂನು ಬದಲಿಸಿ ಅಂತ ಸರ್ಕಾರವನ್ನು ಕೇಳಿದರು. ಪಾರ್ಲಿಮೆಂಟ್ ಕಾನೂನು ಮಾಡಿದ್ದು 2013ರಲ್ಲಿ, ಮೊದಲ ಮದುವೆಗಳು ನಡೆದದ್ದು 2014ರ ಮಾರ್ಚ್‌ನಲ್ಲಿ.

ಕ್ವೇಕರ್ ಮದುವೆಯಲ್ಲಿ ಪಾದ್ರಿ ಇಲ್ಲ. ಮೌನದ ನಡುವೆ ಜೋಡಿ ಎದ್ದು ನಿಂತು ಒಬ್ಬರಿಗೊಬ್ಬರು ಮಾತು ಕೊಡುತ್ತಾರೆ. ನಾವು ಯಾರಿಗೂ ಮದುವೆ ಮಾಡಿಸುವುದಿಲ್ಲ, ಅದು ದೇವರ ಕೆಲಸ, ನಾವು ಸಾಕ್ಷಿ ಅಷ್ಟೇ ಅನ್ನುವುದು ಫಾಕ್ಸ್ ಕಾಲದ ಮಾತು. ಕೊನೆಗೆ ಒಂದು ದೊಡ್ಡ ಪ್ರಮಾಣಪತ್ರ ಮೇಜಿನ ಮೇಲೆ ಇಡುತ್ತಾರೆ. ಬಂದವರೆಲ್ಲ ಅದಕ್ಕೆ ಸಹಿ ಹಾಕಬೇಕು, ಅಕ್ಷರ ಕಲಿತ ಮಕ್ಕಳೂ ಸೇರಿ. ಮಗನ ಮದುವೆಗೆ ಬಂದ ಆ ತಾಯಿಯ ಜಾಗದಲ್ಲಿ ನಿಂತು ಯೋಚಿಸಿ. ಏನಂತಾರೋ ಅಂತ ವರ್ಷಗಟ್ಟಲೆ ಹೆದರಿದ್ದ ಅದೇ ಜನ ಸಾಲಾಗಿ ಬಂದು ನಾವು ನೋಡಿದ್ದೇವೆ, ಒಪ್ಪಿದ್ದೇವೆ ಅಂತ ಹೆಸರು ಬರೆಯುತ್ತಿದ್ದಾರೆ. ಉಪನ್ಯಾಸಗಳಿಂದ, ಇದೂ ಸೇರಿ, ಆಗದ ಕೆಲಸ ಅದು.

ಎಲ್ಲ ಕಡೆ ಹೀಗೇ ಆಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಅಮೆರಿಕದ ಇಂಡಿಯಾನಾದಲ್ಲಿ ಒಂದು ಸಭೆ 2008ರಲ್ಲಿ ಸಲಿಂಗಿಗಳಿಗೆ ಸ್ವಾಗತ ಅಂತ ನಿರ್ಣಯ ಮಾಡಿದ್ದೇ ನೆಪವಾಗಿ ಅಲ್ಲಿನ ವಾರ್ಷಿಕ ಸಭೆಯೇ, ಅಂದರೆ ಆ ಪ್ರದೇಶದ ಸಭೆಗಳೆಲ್ಲ ಸೇರಿದ ಒಕ್ಕೂಟವೇ, ಒಡೆಯಿತು. ಪೋರ್ಟ್‌ಲ್ಯಾಂಡಿನ ಒಂದು ಸಭೆಯನ್ನು 2015ರಲ್ಲಿ ಇದೇ ಕಾರಣಕ್ಕೆ ಹೊರಗೆ ಹಾಕಿದರು. ನಾರ್ತ್ ಕೆರೊಲಿನಾದಲ್ಲಿ ಮುನ್ನೂರು ವರ್ಷ ಹಳೆಯ ವಾರ್ಷಿಕ ಸಭೆ ಜಗಳ ಬಗೆಹರಿಯದೆ 2017ರಲ್ಲಿ ಬಾಗಿಲು ಹಾಕಿತು. ಜಗತ್ತಿನಲ್ಲಿ ಅತಿ ಹೆಚ್ಚು ಕ್ವೇಕರರಿರುವುದು ಕೀನ್ಯಾದಲ್ಲಿ. ಅಲ್ಲಿನ ಸಭೆಗಳಲ್ಲಿ ಪಾದ್ರಿ ಇದ್ದಾರೆ, ಹಾಡಿದೆ, ಬೈಬಲ್ ಬೋಧನೆ ಇದೆ. ಸಲಿಂಗ ಸಂಬಂಧ ಪಾಪ ಅನ್ನುವುದೇ ಅಲ್ಲಿನ ಸಾಮಾನ್ಯ ನಂಬಿಕೆ. ದೇಶದ ಕಾನೂನೂ ಹಾಗೇ ಇದೆ. 2019ರಲ್ಲಿ ಅಲ್ಲಿನ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಕಾನೂನಿನ ಬೇರು ಇರುವುದು, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ನಮ್ಮ ಹಳೆಯ ಸೆಕ್ಷನ್ 377ರ ಹಾಗೆ, ಬ್ರಿಟಿಷರ ಕಾಲದಲ್ಲೇ. ಬ್ರಿಟನ್ನಿನ ಕ್ವೇಕರರಿಗೆ ಇದು ಮುಜುಗರದ ವಿಷಯ.

ನಮ್ಮ ದೇಶದಲ್ಲೂ ಕ್ವೇಕರರಿದ್ದಾರೆ. ಮಧ್ಯಪ್ರದೇಶದ ನರ್ಮದಾಪುರಂ (ಹಳೆಯ ಹೆಸರು ಹೋಶಂಗಾಬಾದ್) ಕಡೆ ಅವರು 19ನೇ ಶತಮಾನದಿಂದಲೂ ಇದ್ದಾರೆ, ಆದರೆ ತೀರಾ ಸಣ್ಣ ಸಂಖ್ಯೆ. ಹಾಗಾಗಿ ನಮಗೆ ಹತ್ತಿರದ ಉದಾಹರಣೆಗೆ ಮದ್ರಾಸ್ ಹೈಕೋರ್ಟಿಗೆ ಹೋಗುತ್ತೇನೆ. 2021. ಮದುರೈನ ಇಬ್ಬರು ಯುವತಿಯರು ಮನೆ ಬಿಟ್ಟು ಚೆನ್ನೈಗೆ ಬಂದು ಒಟ್ಟಿಗೆ ಇದ್ದರು. ಹೆತ್ತವರು ಕಾಣೆಯಾಗಿದ್ದಾರೆ ಅಂತ ಪೊಲೀಸರಿಗೆ ದೂರು ಕೊಟ್ಟರು. ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಹೆಣ್ಣುಮಕ್ಕಳನ್ನೂ ಹೆತ್ತವರನ್ನೂ ಆಪ್ತಸಮಾಲೋಚನೆಗೆ ಕಳಿಸಿದರು. ಆಮೇಲೆ ತಮಗೂ ಈ ವಿಷಯ ಸರಿಯಾಗಿ ತಿಳಿದಿಲ್ಲ ಅಂತ ಆದೇಶದಲ್ಲೇ ಬರೆದು, ಮನಶ್ಶಾಸ್ತ್ರಜ್ಞರ ಹತ್ತಿರ ತಾವೇ ಹೋಗಿ ಕೂತರು. ಹೆತ್ತವರ ಬಗ್ಗೆ ಬಂ‍ದ ವರದಿಯಲ್ಲಿ ಅವರನ್ನು ಜಾಸ್ತಿ ಕಾಡುತ್ತಿದ್ದದ್ದು ಸಮಾಜದ ಕಳಂಕ ಅಂತ ಇತ್ತು. ಮಗಳು ಹೆಣ್ಣಿನ ಜೊತೆ ಬಾಳುವುದಕ್ಕಿಂತ ಒಂಟಿಯಾಗಿ ಉಳಿದರೂ ಮೇಲು ಅನ್ನುವ ಮಟ್ಟಿಗೆ. ಮತ್ತೆ ಅದೇ ನಾಲ್ಕು ಜನ. ಆ ಕೇಸಿನಿಂದ ಶುರುವಾಗಿ, ಸಲಿಂಗಿಗಳನ್ನು 'ಸರಿಪಡಿಸುವ' ಚಿಕಿತ್ಸೆ ವೈದ್ಯರ ವೃತ್ತಿದ್ರೋಹ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳುವವರೆಗೆ ಹೋಯಿತು. ಮಗುವನ್ನು ಯಾವ ಡಾಕ್ಟರ್ ಹತ್ತಿರವಾದರೂ ಎಳೆದುಕೊಂಡು ಹೋಗುವ ಮೊದಲು ಇದು ಗೊತ್ತಿರಲಿ.

ಹೆತ್ತವರದ್ದೇ ಗುಂಪೂ ನಮ್ಮಲ್ಲಿ ಇದೆ. ಮುಂಬೈಯಲ್ಲಿ ಶುರುವಾದ ಸ್ವೀಕಾರ್ ಅನ್ನುವ ಬಳಗ. 2023ರಲ್ಲಿ ಮದುವೆಯ ಹಕ್ಕಿನ ಕೇಸು ಸುಪ್ರೀಂ ಕೋರ್ಟಿನಲ್ಲಿ ನಡೆಯುವಾಗ ನಾನೂರಕ್ಕೂ ಹೆಚ್ಚು ಹೆತ್ತವರ ಪರವಾಗಿ ಮುಖ್ಯ ನ್ಯಾಯಮೂರ್ತಿಗಳಿಗೆ ಕಾಗದ ಬರೆದವರು. ತೀರ್ಪು ಅವರು ಬಯಸಿದಂತೆ ಬರಲಿಲ್ಲ. ಬಳಗ ಮಾತ್ರ ಇದೆ.

ಇನ್ನು ಪ್ರಶ್ನೆಗಳು.

ಒಬ್ಬ ಹಿರಿಯರು ಕೇಳಿದರು: "ಸ್ವಾಮಿ, ಮೌನ ಅಂದರೆ ನಮ್ಮ ಮನೆಗಳಲ್ಲಿ ವಿಷಯ ಮುಚ್ಚಿಡೋದು. ನೀವು ಅದನ್ನೇ ಹೊಗಳ್ತಿದ್ದೀರಲ್ಲ?" ಒಳ್ಳೆ ಪ್ರಶ್ನೆ. ಎರಡೂ ಬೇರೆ. ಮನೆಯ ಮೌನದಲ್ಲಿ ಮಾತಾಡಬೇಡ ಅನ್ನುವ ಕಟ್ಟಪ್ಪಣೆ ಇರುತ್ತದೆ. ಕ್ವೇಕರ್ ಕೋಣೆಯ ಮೌನದಲ್ಲಿ ನೀನು ಮಾತಾಡಿದರೆ ಯಾರೂ ಮಧ್ಯೆ ಬಾಯಿ ಹಾಕುವುದಿಲ್ಲ ಅನ್ನುವ ಭರವಸೆ ಇರುತ್ತದೆ. ಆದರೆ ಮೊದಲನೆಯದು ಎರಡನೆಯದರ ವೇಷ ಹಾಕಬಹುದು, ಕ್ವೇಕರರಲ್ಲೂ ಹಾಕಿದೆ. ಪುಸ್ತಿಕೆಯಿಂದ ರಸ್ಟಿನ್ ಹೆಸರು ಬಿಟ್ಟುಹೋದದ್ದು ಅಂಥದ್ದೇ ಮೌನ.

ಇನ್ನೊಬ್ಬ ತಾಯಿ: "ನಾವು ಕ್ವೇಕರ್ ಆಗಬೇಕಿಲ್ಲ ತಾನೇ?" ಬೇಕಿಲ್ಲಮ್ಮ. ನಿಮಗೆ ನಂಬಿಕೆ ಇರುವ ಮೂರು ಜನ ಸಾಕು. ಕರೆಯುವಾಗಲೇ ಹೇಳಿ, ನನಗೆ ಸಲಹೆ ಬೇಡ, ಕೂತು ಕೇಳಿ ಸಾಕು ಅಂತ. ಅವರಲ್ಲಿ ಒಬ್ಬರಾದರೂ ಮನೆಯವರಲ್ಲದವರು ಇರಲಿ. ಅಕ್ಕ ತಂಗಿಯರು ಪ್ರೀತಿಯಿಂದಲೇ ಕೆಲಸ ಕೆಡಿಸುತ್ತಾರೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ: "ಅಪ್ಪ ಅಮ್ಮ ಮೂರು ಜನರನ್ನು ಕರೆದು ನನ್ನ ವಿಷಯ ಹೇಳಿದರೆ ನನ್ನ ಗತಿ?" ಇದನ್ನು ನಾನೇ ಮೊದಲು ಹೇಳಬೇಕಿತ್ತು, ಸರಿಯಾಗಿ ಕೇಳಿದೆಯಪ್ಪ. ಯಾರಿಗೆ ಹೇಳಬಹುದು ಅನ್ನುವುದನ್ನು ಮಗುವನ್ನು ಕೇಳಿಯೇ ನಿರ್ಧರಿಸಬೇಕು. ಹೆಸರು ಕೊಟ್ಟು, "ಇವರ ಹತ್ತಿರ ಮಾತಾಡಲಾ?" ಅಂತ ಕೇಳಿ. ಬೇಡ ಅಂದರೆ ಬೇಡ. ಆಗ ಊರಿನಾಚೆಯ ಹೆತ್ತವರ ಬಳಗವೋ, ವೃತ್ತಿಯ ಆಪ್ತಸಮಾಲೋಚಕರೋ ಆಗಬಹುದು. ಹೇಳಿದ ಮೇಲೆ ಯಾರಿಗೆ ಹೇಳಿದ್ದೇವೆ, ಎಷ್ಟು ಹೇಳಿದ್ದೇವೆ ಅನ್ನುವುದನ್ನೂ ಮಗುವಿಗೆ ತಿಳಿಸಿ. ಮದುವೆ ಮನೆಯಲ್ಲಿ ದೊಡ್ಡಮ್ಮ ಬಂದು "ನಂಗೆಲ್ಲ ಗೊತ್ತು ಕಣೋ" ಅಂದಾಗ ಅವನು ಬೆಚ್ಚಿ ಬೀಳುವಂತೆ ಆಗಬಾರದು.